ಕರ್ನಾಟಕದ ಶಕ್ತಿಮೂಲಗಳು

ಕೆಲಸಕ್ಕೆ ಬೇಕಾದ ಶಾಖ, ಬೆಳಕು, ಚಲನೆಗಳನ್ನು ಒದಗಿಸುವ ನಿಸರ್ಗದ ಸಂಪತ್ತಿಗೆ ಶಕ್ತಿಮೂಲವೆಂದು ಹೆಸರು. ಸೌದೆ, ಸಗಣಿ, ಎತ್ತಿನ ಹೆಗಲು, ಹರಿಯುವ ನೀರು, ಕಲ್ಲಿದ್ದಲು, ಯುರೇನಿಯಂ, ಗಾಳಿ, ಬಿಸಿಲು ಎಲ್ಲವೂ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಎಣ್ಣೆ ಬಾವಿಯಿಲ್ಲ. ಇರುವುದು ಪಶ್ಚಿಮ ಘಟ್ಟದ ಕಡಿದಾದ ಇಳಿಜಾರು, ಅದರ ಮೇಲೆ ಸುರಿಯುವ ಮುಂಗಾರು, ಬಯಲುಸೀಮೆಯ ಗುಡ್ಡಗಳ ಮೇಲೆ ಬೀಸುವ ಗಾಳಿ ಮತ್ತು ವರ್ಷದ ಬಹುಪಾಲು ದಿನ ಕಾಯುವ ಬಿಸಿಲು. ರಾಜ್ಯದ ನೂರಿಪ್ಪತ್ತು ವರ್ಷಗಳ ವಿದ್ಯುತ್ ಚರಿತ್ರೆ ಈ ಇರವು ಕೊರತೆಗಳಿಂದಲೇ ರೂಪುಗೊಂಡಿದೆ. ಒಂದು ಮೂಲ ಸಾಲದಾದಾಗ ಇನ್ನೊಂದು ಬಂತು. ಹಳೆಯದು ಹೋಗಲಿಲ್ಲ, ಅದರ ಕೆಲಸ ಬದಲಾಯಿತು. ಪ್ರತಿ ಸಲವೂ ಬೆಳಕು ಒಂದು ಊರಿಗೆ ಹೋಯಿತು, ಅದರ ಭಾರ ಬೇರೊಂದು ಊರಿನ ಮೇಲೆ ಬಿತ್ತು. ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆಯದ ಎಂಜಿನಿಯರಿಂಗ್ ಅರ್ಧ ಲೆಕ್ಕವೇ ಸರಿ.

ಮೊದಲು ಅಳತೆಯ ಮಾತು. ಒಂದು ಘಟಕದ ಸಾಮರ್ಥ್ಯವನ್ನು ಮೆಗಾವಾಟ್‌ನಲ್ಲಿ ಹೇಳುತ್ತಾರೆ, ಅದು ಕೊಟ್ಟ ಶಕ್ತಿಯನ್ನು ಯೂನಿಟ್‌ನಲ್ಲಿ. ಒಂದು ಕಿಲೋವಾಟ್‌ನ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಪತ್ರಿಕೆಗಳು ಹೊಸ ಯೋಜನೆಗಳನ್ನು ಮೆಗಾವಾಟ್‌ನಲ್ಲಿ ಸಾರುತ್ತವೆ, ಓದುಗರು ಆ ಅಂಕಿಗಳನ್ನೇ ಹೋಲಿಸುತ್ತಾರೆ. ಅದು ದಾರಿ ತಪ್ಪಿಸುವ ಹೋಲಿಕೆ. 100 ಮೆಗಾವಾಟ್‌ನ ಸೌರ ಸ್ಥಾವರಕ್ಕಿಂತ ಅಷ್ಟೇ ಸಾಮರ್ಥ್ಯದ ಅಣು ಸ್ಥಾವರ ವರ್ಷದಲ್ಲಿ ಮೂರು ನಾಲ್ಕು ಪಟ್ಟು ಯೂನಿಟ್ ಕೊಡುತ್ತದೆ, ಏಕೆಂದರೆ ಅದಕ್ಕೆ ರಾತ್ರಿಯಿಲ್ಲ, ಮೋಡವಿಲ್ಲ. ಅಷ್ಟಕ್ಕೇ ಅಣು ಸ್ಥಾವರ ಮೇಲಾಗುವುದಿಲ್ಲ. ಬೇಡಿಕೆ ಸಂಜೆ ಏಳಕ್ಕೆ ಏರುತ್ತದೆಯೋ ಮಧ್ಯಾಹ್ನ ಎರಡಕ್ಕೋ, ಘಟಕವನ್ನು ಬೇಕೆಂದಾಗ ಏರಿಸಿ ಇಳಿಸಲು ಬರುತ್ತದೆಯೋ ಇಲ್ಲವೋ, ತಂತಿ ಎಷ್ಟು ದೂರ ಎಳೆಯಬೇಕು ಎಂಬುದೂ ಸೇರಿದ ಮೇಲೆ ಒಂದು ಮೂಲದ ಬೆಲೆ ತಿಳಿಯುತ್ತದೆ.

ಸೌದೆ ಮತ್ತು ಮೈದುಡಿಮೆ

ವಿದ್ಯುತ್ತಿನ ಮಾತು ಬಂದರೆ ಸೌದೆ ಮರೆತುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಹಳ್ಳಿಗಳ ಅತಿ ದೊಡ್ಡ ಶಕ್ತಿಮೂಲ ಅದೇ ಆಗಿತ್ತು. ಕೈಗಾರಿಕೆಗೂ ಅದು ಬೇಕಿತ್ತು: 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಕೋಕ್ ಬದಲು ಮಲೆನಾಡಿನ ಕಾಡಿನ ಇದ್ದಿಲಿನಿಂದ ಅದಿರು ಕರಗಿಸುತ್ತಿತ್ತು.

ಈ ಮರೆತ ಮೂಲವನ್ನು ಲೆಕ್ಕಕ್ಕೆ ತಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ. 1974ರಲ್ಲಿ ಅವರು ಕಟ್ಟಿದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಹೊತ್ತು ಸೌದೆ ಆಯುತ್ತಾರೆ, ನೀರು ಹೊರುತ್ತಾರೆ, ಎತ್ತು ಎಷ್ಟು ಗಂಟೆ ದುಡಿಯುತ್ತದೆ ಎಂಬುದನ್ನು ಮನೆಮನೆ ತಿರುಗಿ ದಾಖಲಿಸಿತು. ಹಳ್ಳಿಯ ಶಕ್ತಿಯ ಬಹುಪಾಲು ಅಡುಗೆ ಒಲೆಗೇ ಹೋಗುತ್ತಿತ್ತು, ಅದನ್ನು ಹೊತ್ತು ತರುವ ದುಡಿಮೆಯ ದೊಡ್ಡ ಪಾಲು ಹೆಂಗಸರು ಮಕ್ಕಳದಾಗಿತ್ತು. ವಿದ್ಯುತ್ ಮಂಡಳಿಯ ಯಾವ ಮೀಟರಿನಲ್ಲೂ ಈ ದುಡಿಮೆ ಕಾಣಿಸದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆ, ಉಳಿದದ್ದು ಹೊಗೆಯೊಂದಿಗೆ ಹೋಗುತ್ತದೆ. ಗಾಳಿ ಒಳಬರುವ ದಾರಿ, ಬೆಂಕಿಯಿಂದ ಪಾತ್ರೆಗಿರುವ ಅಂತರ, ಹೊಗೆಕೊಳವೆಯ ಎತ್ತರ ಇವನ್ನು ಸರಿಪಡಿಸಿ ರೂಪಿಸಿದ ‘ಅಸ್ತ್ರ ಒಲೆ’ ಈ ಪಾಲನ್ನು ಮೂರು ಪಟ್ಟಿಗೂ ಹೆಚ್ಚಿಸಿತು.

ಅದೇ ಸೀಮೆಯ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಇದೇ ತಂಡ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲಿನ ಉದ್ದೇಶ ಅಡುಗೆ ಅನಿಲ. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲದೆಂದು ಗೊತ್ತಾದಾಗ ಊರವರೊಂದಿಗೆ ಕುಳಿತು ಯೋಜನೆ ಬದಲಿಸಿದರು. 1987ರಿಂದ ಆ ಅನಿಲ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿತು. ಸಗಣಿ ತಂದವರಿಗೆ ಕೂಲಿ ಸಿಗುತ್ತಿತ್ತು, ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಗಾತ್ರದಲ್ಲಿ ಇದು ಬಹಳ ಚಿಕ್ಕ ಯೋಜನೆ. ಆದರೂ ಶಕ್ತಿಯ ಯೋಜನೆಯನ್ನು ಎಷ್ಟು ಮೆಗಾವಾಟ್ ಎಂಬಲ್ಲಿಂದ ಹೊರಡದೆ ಜನರಿಗೆ ಏನು ಬೇಕು ಎಂಬಲ್ಲಿಂದ ಹೊರಡಿಸಬೇಕೆಂಬ ರೆಡ್ಡಿಯವರ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಮುಂದೆ ಅವರು ಇಡೀ ಕರ್ನಾಟಕಕ್ಕೆ ಇದೇ ಬಗೆಯ ಲೆಕ್ಕ ಹಾಕಿದರು. ದಕ್ಷವಾದ ಪಂಪು, ದೀಪ, ಬಿಸಿಲಿನಿಂದ ಕಾಯುವ ಬಚ್ಚಲ ನೀರು ಇವುಗಳಿಂದ ಉಳಿಯುವ ಯೂನಿಟ್ ಹೊಸ ಸ್ಥಾವರದ ಯೂನಿಟ್ಟಿಗಿಂತ ಅಗ್ಗವೆಂದು ತೋರಿಸಿದರು. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರುಗಳು ಈ ಮಾತನ್ನು ಇಂದಿಗೂ ನಿಜ ಮಾಡುತ್ತಿವೆ. ಕಲ್ಲಿದ್ದಲು ಸುಟ್ಟು, ಹಬೆ ಮಾಡಿ, ಮೂರರಲ್ಲಿ ಎರಡು ಪಾಲು ಶಾಖ ಕಳೆದುಕೊಂಡು ತಯಾರಿಸಿದ ವಿದ್ಯುತ್ತನ್ನು ಮತ್ತೆ ಸ್ನಾನದ ನೀರು ಕಾಯಿಸಲು ಬಳಸುವುದು ಎಂಜಿನಿಯರಿಂಗ್ ದೃಷ್ಟಿಯಲ್ಲಿ ದೊಡ್ಡ ದುಂದು.

ಶಿವನಸಮುದ್ರದಿಂದ ಕೋಲಾರಕ್ಕೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಗಣಿ ಆಳವಾದಷ್ಟೂ ಅದಿರು ಮೇಲೆತ್ತಲು, ನೀರು ಹೊರಹಾಕಲು, ಗಾಳಿ ತುಂಬಲು ಹೆಚ್ಚು ಶಕ್ತಿ ಬೇಕು. ಸುತ್ತಲಿನ ಸೌದೆ ಮುಗಿಯುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಮೈಸೂರು ಸಂಸ್ಥಾನದ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಅದನ್ನು ಸುಮಾರು 147 ಕಿ.ಮೀ. ದೂರದ ಗಣಿಗೆ ತಂತಿಯಲ್ಲಿ ಕಳಿಸುವ ಯೋಜನೆ ಮುಂದಿಟ್ಟರು. ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆ ಜಗತ್ತಿನಲ್ಲೇ ವಿರಳವಾಗಿದ್ದ ಕಾಲ ಅದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಯೋಜನೆಯ ಬೆನ್ನಿಗೆ ನಿಂತರು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಬಂದವು. 1902ರ ಜೂನ್ 30ರಂದು ಕೋಲಾರಕ್ಕೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಅವರು 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು.

ಇಷ್ಟು ದೂರ ಸಾಗಿಸಲು ಸಾಧ್ಯವಾದದ್ದು ಹೆಚ್ಚಿನ ವೋಲ್ಟೇಜಿನಿಂದ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ಎರಡು ಪಟ್ಟು ಮಾಡಿದರೆ ಅದೇ ಶಕ್ತಿಗೆ ಪ್ರವಾಹ ಅರ್ಧ ಸಾಕು, ನಷ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಶಿವನಸಮುದ್ರದಲ್ಲೇ ಟ್ರಾನ್ಸ್‌ಫಾರ್ಮರುಗಳಿಂದ 30-35 ಸಾವಿರ ವೋಲ್ಟ್‌ಗೆ ಏರಿಸಿ, ಕೋಲಾರದಲ್ಲಿ ಮತ್ತೆ ಇಳಿಸುತ್ತಿದ್ದರು. ಮೊದಲ ಹಂತದಲ್ಲಿದ್ದವು ತಲಾ 720 ಕಿಲೋವಾಟ್‌ನ ಆರು ಘಟಕಗಳು, ಒಟ್ಟು 4,320 ಕಿಲೋವಾಟ್. ಇಂದು ಬೆಂಗಳೂರಿನ ಒಂದು ದೊಡ್ಡ ವಸತಿ ಸಮುಚ್ಚಯವೇ ಇಷ್ಟನ್ನು ಬೇಡಬಹುದು. ಆ ಕಾಲಕ್ಕೆ ಇದು ಒಂದು ಸಂಸ್ಥಾನದ ಹಣೆಬರಹ ಬದಲಿಸುವಷ್ಟಿತ್ತು: ಗಣಿ ಕಂಪನಿಗಳು ಕಟ್ಟಿದ ವಿದ್ಯುತ್ ಶುಲ್ಕದಿಂದ ಸರ್ಕಾರಕ್ಕೆ ಖಚಿತವಾದ ಆದಾಯ ಬಂತು, ಅದೇ ನಂಬಿಕೆಯ ಮೇಲೆ ಮುಂದಿನ ಯೋಜನೆಗಳು ಹುಟ್ಟಿದವು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದವು. 1908ರಲ್ಲಿ ಮೈಸೂರಿಗೂ ಬಂತು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಕಂಬಗಳನ್ನು ನೋಡುತ್ತ ಹಲವು ದಶಕ ಬುಡ್ಡಿದೀಪದಲ್ಲೇ ಕಳೆದವು.

ಶಿವನಸಮುದ್ರದಲ್ಲಿ ಅಣೆಕಟ್ಟೆ ಇರಲಿಲ್ಲ, ಹರಿಯುವ ನೀರನ್ನು ಕಾಲುವೆಗೆ ತಿರುಗಿಸಿ ಬಳಸುತ್ತಿದ್ದರು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಒಪ್ಪಿಕೊಂಡಷ್ಟು ವಿದ್ಯುತ್ ಕೊಡುವುದು ಕಷ್ಟ. ಮೇಲಿನ ಹರಿವಿನಲ್ಲಿ ನೀರು ನಿಲ್ಲಿಸಿ ಬೇಸಿಗೆಯಲ್ಲಿ ಬಿಡಬೇಕೆಂಬ ಅಗತ್ಯವೂ ನೀರಾವರಿಯ ಆಸೆಯೂ ಕೂಡಿ ಕೃಷ್ಣರಾಜಸಾಗರ ರೂಪುಗೊಂಡಿತು. ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ 1911ರಲ್ಲಿ ಕೆಲಸ ಆರಂಭವಾಯಿತು. ಮಂಡ್ಯದ ನಾಲೆ, ಗದ್ದೆ, ಕಬ್ಬು, 1933ರ ಸಕ್ಕರೆ ಕಾರ್ಖಾನೆ ಎಲ್ಲವೂ ಈ ಜಲಾಶಯದ ಹಿಂದೆ ಬಂದವು. ಮಂಡ್ಯದ ಹಸಿರನ್ನು ಕಂಡು ಮೆಚ್ಚುವವರು ಆ ಜಲಾಶಯದ ಕಾರಣಗಳಲ್ಲಿ ಕೋಲಾರದ ಚಿನ್ನವೂ ಒಂದು ಎಂದು ತಿಳಿದಿರಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸಾವಿರಾರು ಕುಟುಂಬಗಳ ದುಡಿಮೆ ನಿಂತಿತು.

ಶರಾವತಿ

ನೀರಿನಿಂದ ದೊರೆಯುವ ಶಕ್ತಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ನೀರು ಮತ್ತು ಎಷ್ಟು ಎತ್ತರ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು 100 ಮೀಟರ್ ಇಳಿದರೆ ಸುಮಾರು 70 ಲಕ್ಷ ಯೂನಿಟ್ ಸಿಗುತ್ತದೆ. ಬಯಲಿನಲ್ಲಿ ಹರಿಯುವ ಕೃಷ್ಣೆಯಲ್ಲಿ ನೀರು ಅಪಾರ, ಎತ್ತರ ಕಡಿಮೆ; ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್ ಅಷ್ಟೇ. ಶರಾವತಿ ಚಿಕ್ಕ ನದಿ, ಆದರೆ ಘಟ್ಟದ ಅಂಚಿನಿಂದ ಒಮ್ಮೆಲೆ ಕೆಳಗಿಳಿಯುತ್ತದೆ. ಜೋಗದಲ್ಲಿ ಕಾಣುವ ಜಿಗಿತವೇ 253 ಮೀಟರ್. ತಲಕಳಲೆ ಜಲಾಶಯದಿಂದ ಪೆನ್‌ಸ್ಟಾಕ್ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ನೀರಿನ ಎತ್ತರ 400 ಮೀಟರಿಗೂ ಹೆಚ್ಚು. ಅಲ್ಲಿ ಒಂದು ಟಿಎಂಸಿ ನೀರು 3 ಕೋಟಿ ಯೂನಿಟ್ಟಿನ ಹತ್ತಿರ ಬರುತ್ತದೆ.

ಜೋಗದ ಮೊದಲ ವಿದ್ಯುದಾಗಾರ 1940ರ ದಶಕದ ಕೊನೆಗೆ ಕೆಲಸ ಆರಂಭಿಸಿತು. ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಅದಕ್ಕೆ ನೀರು ಕೊಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಕೆಳಗಿಳಿದ ವರ್ಷ ಆ ಹಳೆಯ ಕಟ್ಟೆಯನ್ನು ಇಂದಿಗೂ ನೋಡಬಹುದು. ಲಿಂಗನಮಕ್ಕಿ 151 ಟಿಎಂಸಿ ನೀರು ಹಿಡಿಯುತ್ತದೆ, ಅದರ ಪೂರ್ಣಮಟ್ಟ 1,819 ಅಡಿ. ಇದನ್ನು ನಂಬಿ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟ್‌ನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವಾಟ್. ಅಲ್ಲಿಂದ ಹೊರಬಿದ್ದ ನೀರು ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವಾಟ್‌ನ ಯಂತ್ರಗಳನ್ನು ತಿರುಗಿಸಿ ಸಮುದ್ರದ ಕಡೆ ಹೋಗುತ್ತದೆ. ಇಡೀ ನದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಳಸಿಕೊಂಡ ಈ ಯೋಜನೆಯನ್ನು ಕೌಶಲದ ದೃಷ್ಟಿಯಿಂದ ಮೆಚ್ಚದಿರಲಾಗದು. ಜಲವಿದ್ಯುತ್ತಿಗೆ ಇನ್ನೂ ಒಂದು ಗುಣವಿದೆ: ನಿಂತ ಘಟಕ ಕೆಲವೇ ನಿಮಿಷಗಳಲ್ಲಿ ಪೂರ್ಣ ಸಾಮರ್ಥ್ಯಕ್ಕೆ ಬರುತ್ತದೆ. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಿದ್ದರೆ ಅದಕ್ಕೆ ಹಲವು ಗಂಟೆ ಬೇಕು.

ಲಿಂಗನಮಕ್ಕಿಗೆ ಬೆಲೆ ತೆತ್ತವರು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಸೀಮೆಯವರು. 300 ಚದರ ಕಿ.ಮೀ.ಗೂ ಹೆಚ್ಚು ನೆಲ ನೀರಿನಡಿ ಹೋಯಿತು. ಅದರಲ್ಲಿ ಅಡಿಕೆ ತೋಟ, ಬತ್ತದ ಗದ್ದೆ, ದೇವಸ್ಥಾನ, ಕಾಡು ಎಲ್ಲ ಇದ್ದವು. ಲಾರಿಗಳಲ್ಲಿ ಸಾಮಾನು ಹೇರಿ ಜನರನ್ನು ಬೇರೆ ಕಡೆ ಸಾಗಿಸಿದರು, ಅನೇಕರಿಗೆ ಕೊಟ್ಟದ್ದು ಕಾಡಿನ ಭೂಮಿ. ಆ ಭೂಮಿಯ ಹಕ್ಕುಪತ್ರದ ತಕರಾರು ಅರವತ್ತು ವರ್ಷಗಳ ನಂತರವೂ ಬಗೆಹರಿದಿಲ್ಲ. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಈ ಬದುಕನ್ನು ಕನ್ನಡಕ್ಕೆ ತಂದವು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು. ಹಿನ್ನೀರಿನ ನಡುವೆ ಉಳಿದ ತುಮರಿ ಸೀಮೆಯ ಜನ ಆಸ್ಪತ್ರೆಗೆ, ಶಾಲೆಗೆ, ಪೇಟೆಗೆ ಲಾಂಚ್ ಕಾಯಬೇಕಿತ್ತು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಇಡೀ ರಾಜ್ಯದ ದೀಪ ಹೊತ್ತಿಸಿದ ಜಲಾಶಯದ ಆಚೆ ದಡಕ್ಕೆ ಎರಡೂವರೆ ಕಿ.ಮೀ. ಉದ್ದವೂ ಇಲ್ಲದ ಸೇತುವೆ ಕಟ್ಟಲು ಆರು ದಶಕ ಹಿಡಿಯಿತು. ತಂತ್ರಜ್ಞಾನ ಗೊತ್ತಿರಲಿಲ್ಲ ಎಂದು ಇದಕ್ಕೆ ಕಾರಣ ಹೇಳುವಂತಿಲ್ಲ.

ಶರಾವತಿಯ ನಂತರ ಕಾಳಿ ನದಿಯ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಬಂದವು, ಮುಂದೆ ವಾರಾಹಿಯೂ ಬಂತು. 1970ರಲ್ಲಿ ವಿದ್ಯುತ್ ಉತ್ಪಾದನೆಗೆಂದೇ ಸ್ಥಾಪನೆಯಾದ ಕರ್ನಾಟಕ ವಿದ್ಯುತ್ ನಿಗಮ ಈ ಯೋಜನೆಗಳನ್ನು ನಡೆಸಿತು.

ದೂರದಿಂದ ಬರುವ ಕಲ್ಲಿದ್ದಲು

1980ರ ದಶಕದ ನಡುವಿನವರೆಗೆ ರಾಜ್ಯದ ವಿದ್ಯುತ್ ಬಹುಪಾಲು ನೀರಿನದೇ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ಕಡಿತ, ಮನೆಗಳಿಗೆ ಕತ್ತಲೆ. ಪವರ್ ಕಟ್ ಎಂಬ ಮಾತು ಮನೆಮಾತಾದದ್ದು ಆಗ. ಇದಕ್ಕೆ ಉತ್ತರವಾಗಿ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಶಾಖೋತ್ಪನ್ನ ಘಟಕ ಆರಂಭವಾಯಿತು. ಕೃಷ್ಣೆಯ ನೀರು ಹತ್ತಿರವಿತ್ತು, ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲು ದಾರಿಯಿತ್ತು. 210 ಮೆಗಾವಾಟ್‌ನ ಏಳು ಮತ್ತು 250ರ ಒಂದು ಘಟಕ ಸೇರಿ ಅದರ ಸಾಮರ್ಥ್ಯ 1,720 ಮೆಗಾವಾಟ್‌ಗೆ ಬೆಳೆಯಿತು. ಬಳ್ಳಾರಿಯ ಕುಡತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600 ಮೆಗಾವಾಟ್‌ನ ಸ್ಥಾವರಗಳು ಬಂದವು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್‌ನ ಸ್ಥಾವರವಿದೆ. ಉಡುಪಿಯ ಸ್ಥಾವರವನ್ನು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲಿಗಾಗಿ ರೂಪಿಸಿದರು.

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಮೂವತ್ತು ನಲವತ್ತು ಶೇಕಡಾ. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ಕಲ್ಲಿದ್ದಲು ಬೇಕು. ಶಕ್ತಿನಗರದ ಎಲ್ಲ ಘಟಕಗಳೂ ಪೂರ್ತಿ ಓಡಿದರೆ ದಿನಕ್ಕೆ 25 ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು ಇಳಿಯಬೇಕು, ಅಂದರೆ ಆರೇಳು ರೈಲು. ಒಂದು ರೈಲು ತಡವಾದರೂ ಸ್ಥಾವರದ ಅಂಗಳದ ದಾಸ್ತಾನು ಕರಗುತ್ತದೆ. ಸುಟ್ಟ ಶಾಖದ ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಯರಮರಸ್‌ನಂಥ ಸೂಪರ್ ಕ್ರಿಟಿಕಲ್ ಸ್ಥಾವರಗಳಲ್ಲಿ ಒತ್ತಡ, ಉಷ್ಣತೆ ಹೆಚ್ಚಿರುವುದರಿಂದ ಅದು ಶೇ 40ರ ಹತ್ತಿರ ಬರುತ್ತದೆ. ಉಳಿಯುವ ಬೂದಿಯ ಒಂದು ಪಾಲು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಹೋಗದೆ ಉಳಿದದ್ದು ಹೊಂಡಗಳಲ್ಲಿ ನಿಂತು, ಬೇಸಿಗೆಯ ಗಾಳಿಗೆ ಸುತ್ತಲಿನ ಹೊಲ ಮನೆಗಳ ಮೇಲೆ ಹಾರುತ್ತದೆ. ರಾಯಚೂರು, ಬಳ್ಳಾರಿ ಸೀಮೆ ಬೆಂಗಳೂರಿನ ಹವಾನಿಯಂತ್ರಕಗಳಿಗೆ ಈ ಧೂಳಿನ ಮೂಲಕ ಸಹಾಯಧನ ಕೊಡುತ್ತಿದೆ ಎಂದರೆ ಹೆಚ್ಚು ಹೇಳಿದಂತಾಗದು.

ಕೈಗಾ

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಇವು ನೈಸರ್ಗಿಕ ಯುರೇನಿಯಂ ಬಳಸುತ್ತವೆ. ಕದ್ರಾ ಜಲಾಶಯದ ನೀರಿನಿಂದ ತಣಿಯುತ್ತವೆ. ಮೊದಲ ಎರಡು ಘಟಕ 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಉತ್ಪಾದನೆಗೆ ಬಂದವು. ಮಳೆಕಾಡಿನ ನಡುವೆ ಅಣು ಸ್ಥಾವರ ಕಟ್ಟುವುದನ್ನು ವಿರೋಧಿಸಿದವರ ಮುಂಚೂಣಿಯಲ್ಲಿ ಶಿವರಾಮ ಕಾರಂತರಿದ್ದರು. 1989ರಲ್ಲಿ ಆ ಕಾರಣಕ್ಕಾಗಿಯೇ ಅವರು ಲೋಕಸಭೆ ಚುನಾವಣೆಗೆ ನಿಂತರು. 1994ರ ಮೇ 13ರಂದು ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟು ಕಟ್ಟುವ ಹಂತದಲ್ಲೇ ಕಳಚಿಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ. ವಿನ್ಯಾಸವನ್ನು ಮರುಪರಿಶೀಲಿಸಿ, ತಿದ್ದಿ ಕಟ್ಟಿದರು. ಅದೇ ಕೈಗಾದ ಒಂದನೆಯ ಘಟಕ 2016ರ ಮೇಯಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಈ ಎರಡೂ ಸಂಗತಿ ಒಟ್ಟಿಗೆ ನಿಲ್ಲಬೇಕು; ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ರೂಢಿ ಎರಡು ಕಡೆಯವರಲ್ಲೂ ಇದೆ. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಮಂಜೂರಾತಿ ಸಿಕ್ಕಿತು.

ಗಾಳಿ, ಬಿಸಿಲು

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಸುತ್ತಲಿನ ಗುಡ್ಡಸಾಲುಗಳಲ್ಲಿ ಗಾಳಿಯಂತ್ರಗಳು ನಿಂತು ಎರಡು ದಶಕಗಳ ಮೇಲಾಗಿದೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧವಾದರೆ ವಿದ್ಯುತ್ ಎಂಟನೆಯ ಒಂದು ಭಾಗ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಜೋರು, ಆಗಲೇ ಮೋಡದಿಂದ ಬಿಸಿಲು ಕಡಿಮೆ, ಜಲಾಶಯಗಳು ತುಂಬುತ್ತಿರುತ್ತವೆ. ಹೀಗೆ ಮೂರು ಮೂಲಗಳು ಋತುಮಾನದಲ್ಲಿ ಒಂದಕ್ಕೊಂದು ಒದಗಿಬರುವುದು ಈ ರಾಜ್ಯದ ಭಾಗ್ಯ.

ಸೌರಶಕ್ತಿ ಇಲ್ಲಿ ಚಿಕ್ಕದಾಗಿ ಶುರುವಾಯಿತು. 2010ರಲ್ಲಿ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ನಿಂತ ಸ್ಥಾವರದ ಸಾಮರ್ಥ್ಯ 3 ಮೆಗಾವಾಟ್. ಹತ್ತು ವರ್ಷ ಕಳೆಯುವಷ್ಟರಲ್ಲಿ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ಪೂರ್ಣಗೊಂಡಿತ್ತು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ ಭೂಮಿಯನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರ ಬಿಟ್ಟು ಬೇರೇನೂ ಕಾಣದ ಸೀಮೆಯಲ್ಲಿ ಜಮೀನಿನ ಒಡೆತನ ಉಳಿಸಿಕೊಂಡೇ ಖಚಿತ ವರಮಾನ ಬಂದದ್ದು ಲಿಂಗನಮಕ್ಕಿಯ ಕಾಲಕ್ಕಿಂತ ದೊಡ್ಡ ಮುನ್ನಡೆ. ಆದರೆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು, ಕುರಿ ಮೇಕೆ ಮೇಯಿಸುತ್ತಿದ್ದವರಿಗೆ ಬೀಳು ಹೋಯಿತು. ಮುಂದಿನ ಸೌರ ಉದ್ಯಾನಗಳ ಒಪ್ಪಂದದಲ್ಲಿ ಭೂಹೀನರಿಗೂ ಒಂದು ಪಾಲು ಬರೆಯುವುದು ಕಷ್ಟದ ಕೆಲಸವಲ್ಲ. ಯೋಜನೆಯ ಒಟ್ಟು ವೆಚ್ಚದಲ್ಲಿ ಅದು ಬಹಳ ಸಣ್ಣ ಮೊತ್ತ.

ನೆಲದ ಲೆಕ್ಕವನ್ನೂ ನೋಡಬಹುದು. 13 ಸಾವಿರ ಎಕರೆ ಎಂದರೆ ಸುಮಾರು 53 ಚದರ ಕಿ.ಮೀ., ಲಿಂಗನಮಕ್ಕಿಯ ಹಿನ್ನೀರಿನ ಆರನೆಯ ಒಂದು ಭಾಗದಷ್ಟು. ನೆಲದ ದೃಷ್ಟಿಯಿಂದ ಬಿಸಿಲೇ ಗೆದ್ದಂತೆ ಕಾಣುತ್ತದೆ. ಲಿಂಗನಮಕ್ಕಿ ಮಾತ್ರ ಆಗಸ್ಟ್‌ನ ಮಳೆಯನ್ನು ಏಪ್ರಿಲ್‌ನ ಸಂಜೆಗೆ ಎತ್ತಿಡುತ್ತದೆ. ಪಾವಗಡದ ಪ್ಯಾನೆಲು ಮಧ್ಯಾಹ್ನದ ಬಿಸಿಲನ್ನು ಅದೇ ದಿನದ ಸಂಜೆಗೂ ಎತ್ತಿಡಲಾರದು.

ಕೊಳವೆಬಾವಿಯ ಆಳ

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ರಾಜ್ಯ ಬಳಸುವ ವಿದ್ಯುತ್ತಿನ ಮೂರನೆಯ ಒಂದು ಭಾಗದ ಆಸುಪಾಸು ಅವುಗಳಿಗೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ ಉಚಿತ. ಬಹುಪಾಲು ಪಂಪುಗಳಿಗೆ ಮೀಟರ್ ಇಲ್ಲದ್ದರಿಂದ ಈ ಬಳಕೆ ಅಂದಾಜಿನದು.

ನೀರೆತ್ತುವ ಲೆಕ್ಕ ಸರಳ. ಒಂದು ಸಾವಿರ ಲೀಟರ್ ನೀರನ್ನು 10 ಮೀಟರ್ ಆಳದ ತೆರೆದ ಬಾವಿಯಿಂದ ಎತ್ತಲು ಬೇಕಾಗುವ ಶಕ್ತಿ ಒಂದು ಯೂನಿಟ್ಟಿನ ಮೂವತ್ತೇಳನೆಯ ಒಂದು ಭಾಗ. 300 ಮೀಟರ್ ಆಳದ ಕೊಳವೆಬಾವಿಯಿಂದ ಎತ್ತಲು 0.8 ಯೂನಿಟ್ ಬೇಕು. ಪಂಪಿನ ದಕ್ಷತೆ ಶೇ 40 ಎಂದು ಹಿಡಿದರೆ ಎರಡು ಯೂನಿಟ್. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿಯ ಬೋರ್‌ವೆಲ್ ಈಗ ಹೊಸ ಸುದ್ದಿಯಲ್ಲ. ಅಂತರ್ಜಲ ಇಳಿದಂತೆಲ್ಲ ಅದೇ ಎಕರೆ ಟೊಮೆಟೊಗೆ ಹೆಚ್ಚು ವಿದ್ಯುತ್ ಬೇಕು. ಕರೆಂಟು ಉಚಿತವಾದ್ದರಿಂದ ಪಂಪು ನಿಲ್ಲಿಸುವ ಕಾರಣವಿಲ್ಲ. ಪಂಪು ನಿಲ್ಲದ್ದರಿಂದ ನೀರು ಮತ್ತೆ ಇಳಿಯುತ್ತದೆ. ರೈತರನ್ನು ದೂರುವುದು ಇಲ್ಲಿ ಸುಲಭ ಮತ್ತು ಅನ್ಯಾಯ. ಬೆಳೆಗೆ ಬೆಲೆಯಿಲ್ಲ, ಕೆರೆಯ ಹೂಳು ಎತ್ತಿಲ್ಲ, ನಾಲೆ ಬಂದಿಲ್ಲ. ಉಚಿತ ವಿದ್ಯುತ್ತು ನಾಲೆಯಿಲ್ಲದ ಜಿಲ್ಲೆಗಳಿಗೆ ಸಿಕ್ಕ ಒಂದೇ ನೀರಾವರಿ ಯೋಜನೆ.

ಸರಬರಾಜಿನ ಗುಣಮಟ್ಟವೂ ಕೆಟ್ಟದಾಗಿತ್ತು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಹಾವು ಚೇಳಿನ ಭಯದಲ್ಲಿ ಟಾರ್ಚು ಹಿಡಿದು ಹೊಲಕ್ಕೆ ಹೋಗಬೇಕು. ವೋಲ್ಟೇಜ್ ಇಳಿದರೆ ಮೋಟರು ಹೆಚ್ಚು ಪ್ರವಾಹ ಎಳೆದು ಸುಡುತ್ತದೆ, ಅಕ್ಕಪಕ್ಕದ ಪಂಪುಗಳು ಒಮ್ಮೆಗೇ ಓಡಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಅದು ಬದಲಾಗುವಷ್ಟರಲ್ಲಿ ಬೆಳೆ ಒಣಗುತ್ತದೆ. ನಿರಂತರ ಜ್ಯೋತಿ ಯೋಜನೆ ಮನೆಗಳಿಗೆ ವಿದ್ಯುತ್ ಒಯ್ಯುವ ತಂತಿಮಾರ್ಗವನ್ನು (ಫೀಡರ್) ಪಂಪುಗಳ ಫೀಡರಿನಿಂದ ಬೇರ್ಪಡಿಸಿದ ಮೇಲೆ ಹಳ್ಳಿಯ ಮನೆಗೆ ದಿನವಿಡೀ ಕರೆಂಟು ಸಿಗುವಂತಾಯಿತು. ಬಿಸಿಲಿನ ವಿದ್ಯುತ್ ಹೆಚ್ಚಿದ ಮೇಲೆ ಪಂಪುಗಳಿಗೆ ಹಗಲಿನಲ್ಲಿ ಕೊಡುವುದು ಲಾಭದ ಮಾತೂ ಆಯಿತು. ನೀರೆತ್ತುವ ಕೆಲಸ ಹನ್ನೊಂದು ಗಂಟೆಗಾದರೂ ಸರಿ, ಮೂರಕ್ಕಾದರೂ ಸರಿ. ತೊಟ್ಟಿಯೋ ಕೃಷಿಹೊಂಡವೋ ಇದ್ದರೆ ಅದೇ ಸಂಗ್ರಹ. ಇಷ್ಟು ದೊಡ್ಡ, ಇಷ್ಟು ಹೊಂದಿಕೊಳ್ಳುವ ಬೇಡಿಕೆ ಬೇರೆಲ್ಲೂ ಸಿಗದು. ಫೀಡರ್ ಮಟ್ಟದಲ್ಲಿ ಚಿಕ್ಕ ಸೌರ ಸ್ಥಾವರ ಕಟ್ಟಿ ಅಲ್ಲಿಯ ಪಂಪುಗಳಿಗೇ ಕೊಡುವುದು ಈ ರಾಜ್ಯ ಮಾಡಬಹುದಾದ ಅತಿ ವಿವೇಕದ ಹೂಡಿಕೆ. ದೂರದ ತಂತಿಯ ನಷ್ಟ ಉಳಿಯುತ್ತದೆ, ರೈತರು ರಾತ್ರಿ ಮಲಗಬಹುದು.

ಜಾಲ ಮತ್ತು ಸಂಗ್ರಹ

ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿತೂಗಬೇಕು. ಬಳಕೆ ಹೆಚ್ಚಿದರೆ ಜನರೇಟರುಗಳ ವೇಗ ಇಳಿದು 50 ಹರ್ಟ್ಸ್ ಆವರ್ತನ ಕೆಳಗೆ ಸರಿಯುತ್ತದೆ, ಉತ್ಪಾದನೆ ಹೆಚ್ಚಿದರೆ ಮೇಲಕ್ಕೆ. ಜಾಲ ದೊಡ್ಡದಾದಷ್ಟೂ ಈ ಏರಿಳಿತ ಕಡಿಮೆ. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ 1,300 ಕಿ.ಮೀ.ಗೂ ಹೆಚ್ಚು ದೂರದ ಕೋಲಾರಕ್ಕೆ ಏಕಮುಖ ಪ್ರವಾಹದ 2,000 ಮೆಗಾವಾಟ್ ಮಾರ್ಗ ಬಂತು. ನೂರು ವರ್ಷದ ಹಿಂದೆ ಶಿವನಸಮುದ್ರದ ತಂತಿ ಮುಟ್ಟಿದ ಜಿಲ್ಲೆಯೇ ಈ ತಂತಿಗೂ ಕೊನೆಯ ನಿಲ್ದಾಣವಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲದೊಂದಿಗೆ ಬೆಸೆಯಿತು.

ರಾಜ್ಯದ ಗರಿಷ್ಠ ಬೇಡಿಕೆ ಈಗ 17 ಸಾವಿರ ಮೆಗಾವಾಟ್ ದಾಟಿದೆ. 2018ರ ವೇಳೆಗೆ ನವೀಕರಿಸಬಹುದಾದ ವಿದ್ಯುತ್ತಿನ ಸಾಮರ್ಥ್ಯದಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಗಿತ್ತು. ಆದರೂ 2023ರ ಬರದಲ್ಲಿ ವಿದ್ಯುತ್ ಕೊರತೆ ಬಂದದ್ದು ಸಂಗ್ರಹವಿಲ್ಲದ ಸಾಮರ್ಥ್ಯದ ಮಿತಿಯನ್ನು ತೋರಿಸಿತು. ಮಳೆಯಿಲ್ಲದೆ ಪಂಪುಗಳು ಮುಂಚೆಯೇ ಓಡಿದವು, ಜಲಾಶಯಗಳು ಖಾಲಿಯಿದ್ದವು, ಸೂರ್ಯ ಮುಳುಗಿದ ಮೇಲೆ ಕೊಡಲು ವಿದ್ಯುತ್ ಸಾಲಲಿಲ್ಲ.

ಇದಕ್ಕೆ ಮುಂದಿಟ್ಟಿರುವ ಪರಿಹಾರಗಳಲ್ಲಿ ದೊಡ್ಡದು ಶರಾವತಿಯ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಅದನ್ನೇ ಇಳಿಸಿ ಯಂತ್ರ ತಿರುಗಿಸುವುದು ಇದರ ಕ್ರಮ. ಎತ್ತಲು ಬಳಸಿದ ನೂರು ಯೂನಿಟ್ಟಿನಲ್ಲಿ ಎಪ್ಪತ್ತೈದರಿಂದ ಎಂಬತ್ತು ಮರಳುತ್ತದೆ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಬಹಳ ಇಲ್ಲ. ಹೀಗಾಗಿ ಎಂಜಿನಿಯರುಗಳಿಗೆ ಇದು ಆಕರ್ಷಕ. ಆದರೆ ಸುರಂಗಗಳು, ನೆಲದಡಿಯ ವಿದ್ಯುದಾಗಾರ, ರಸ್ತೆಗಳು ಹಾಯುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನು. ಸಿಂಗಳೀಕ ನೆಲಕ್ಕಿಳಿಯುವುದು ವಿರಳ, ಮರದಿಂದ ಮರಕ್ಕೆ ಹೋಗಿಯೇ ಬದುಕುವ ಪ್ರಾಣಿ. ಕೊಂಬೆಗಳ ಸಾಲು ಒಂದು ಕಡೆ ತುಂಡಾದರೂ ಗುಂಪು ಇಬ್ಭಾಗವಾಗುತ್ತದೆ. ಘಟ್ಟದ ಆ ಇಳಿಜಾರಿನಲ್ಲಿ ಭೂಕುಸಿತದ ಭಯವೂ ಇದೆ. ಬ್ಯಾಟರಿಗಳ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಅವನ್ನು ಪಾವಗಡದ ಪ್ಯಾನೆಲುಗಳ ಪಕ್ಕದಲ್ಲೇ ಇಡಬಹುದು, ಕಾಡು ಬೇಡ. ಅವುಗಳ ಆಯುಸ್ಸು ಹತ್ತು ಹದಿನೈದು ವರ್ಷ, ಜಲಯಂತ್ರಗಳದು ಅದರ ಮೂರು ನಾಲ್ಕು ಪಟ್ಟು. ಈ ಎರಡನ್ನು ಒಂದೇ ಕೋಷ್ಟಕದಲ್ಲಿ, ಕಾಡಿನ ನಷ್ಟ ಮತ್ತು ಬ್ಯಾಟರಿ ಬದಲಿಸುವ ವೆಚ್ಚ ಎರಡನ್ನೂ ಸೇರಿಸಿ, ಸಾಗರ, ಹೊನ್ನಾವರದ ಜನರೆದುರು ಇಟ್ಟು ಮಾತಾಡಿದ ಮೇಲೆ ಸುರಂಗದ ಮೊದಲ ಸಿಡಿಮದ್ದು ಸಿಡಿಯಬೇಕು, ಅದಕ್ಕೆ ಮುಂಚೆ ಅಲ್ಲ.